ಅಂಕ ಬಂತು, ಉತ್ತರ ಪತ್ರಿಕೆ ಬರಲಿಲ್ಲ

ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಚೀಟಿಗೆ ಕಡಿವಾಣ ಬಿತ್ತು. ಫಲಿತಾಂಶ ಕುಸಿಯಿತು. ಹಾಗಾದರೆ ನ್ಯಾಯ ಸಿಕ್ಕಿತೇ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಮಕ್ಕಳ ಕಡೆಯಿಂದ ನೋಡಿದರೆ ಈ ಪ್ರಶ್ನೆಗೆ ಉತ್ತರ ಪರೀಕ್ಷಾ ಕೇಂದ್ರದಲ್ಲಿಲ್ಲ, ತರಗತಿಯ ಕಪಾಟಿನಲ್ಲಿದೆ.

ಕೊಟ್ಟೂರಿನ ತೇರು ಎಳೆದಾಗಿದೆ. ಮೈಲಾರದ ಕಾರಣಿಕಕ್ಕೆ ಊರೂರ ಕಟ್ಟೆಗಳಲ್ಲಿ ಅರ್ಥ ಹಚ್ಚಿ ಮುಗಿದಿದೆ. ಇನ್ನುಳಿದದ್ದು ಪರೀಕ್ಷೆ.

ಮಾರ್ಚ್ ತಿಂಗಳ ಬೆಳಿಗ್ಗೆ. ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿದೆ. ಉಜ್ಜಿನಿ ಕಡೆಯ ಬಸ್ಸಿನಿಂದ ಇಳಿದ ಹುಡುಗಿಯರ ಹಣೆ ತುಂಬ ವಿಭೂತಿ, ಕೈಯಲ್ಲಿ ಹಾಲ್ ಟಿಕೆಟ್, ಎರಡೆರಡು ನೀಲಿ ಪೆನ್ನು. ಕೇಂದ್ರದ ಗೋಡೆಗೆ ಅಂಟಿಸಿದ ನೋಂದಣಿ ಸಂಖ್ಯೆಗಳ ಪಟ್ಟಿಯಲ್ಲಿ ತಮ್ಮ ಕೊಠಡಿ ಯಾವುದೆಂದು ಒಬ್ಬರ ಹೆಗಲ ಮೇಲಿಂದ ಇನ್ನೊಬ್ಬರು ಇಣುಕುತ್ತಾರೆ. ಕಣ್ಣು ಮುಚ್ಚಿ ಪ್ರಮೇಯವೊಂದನ್ನು ಬಾಯಲ್ಲೇ ಒಪ್ಪಿಸಿಕೊಳ್ಳುತ್ತಿರುವವಳೊಬ್ಬಳು. ಗೇಟಿನಾಚೆ ಬೇವಿನ ಮರದ ಕೆಳಗೆ ನಿಂತ ಅಪ್ಪಂದಿರಲ್ಲಿ ಯಾರಿಗೂ ಮಾತು ಬೇಡ.

ಪೊಲೀಸ್ ಕಾವಲಿನಲ್ಲಿ ಬಂದ ಬಂಡಲಿನ ಮೊಹರು ಒಡೆಯುತ್ತದೆ. ಗಂಟೆ ಬಾರಿಸುತ್ತದೆ. ಕೊಠಡಿಯ ಮೂಲೆಯಲ್ಲಿ ಕೂತ ಕ್ಯಾಮೆರಾ ಆ ಹೊತ್ತಿನಿಂದ ಪ್ರತಿ ಮಗುವಿನ ತಲೆ, ಕೈ, ಪೆನ್ನು ನೋಡುತ್ತದೆ. ಜಿಲ್ಲಾ ಕೇಂದ್ರದಲ್ಲಿ ಪರದೆಯ ಮುಂದೆ ಕುಳಿತ ಸಿಬ್ಬಂದಿ ಯಾವ ಕೊಠಡಿಯಲ್ಲಿ ಯಾರು ಹಿಂದೆ ತಿರುಗಿದರು ಎಂದು ಹೇಳಬಲ್ಲರು.

ಆ ಕ್ಯಾಮೆರಾಗೆ ಕಾಣದ ಸಂಗತಿಗಳಿವೆ. ಮೂರನೇ ಬೆಂಚಿನ ಹುಡುಗನಿಗೆ ಗಣಿತದ ಅತಿಥಿ ಶಿಕ್ಷಕರು ಬಂದದ್ದು ಶಾಲೆ ಶುರುವಾಗಿ ಎಷ್ಟು ವಾರಕ್ಕೆ? ಕಿಟಕಿ ಪಕ್ಕದವಳು ಡಿಸೆಂಬರ್‌ನಲ್ಲಿ ಎಲ್ಲಿದ್ದಳು? ಎಂಟನೇ ತರಗತಿಯಲ್ಲಿ ತಾನು ತಪ್ಪು ಮಾಡಿದ ಭಿನ್ನರಾಶಿಯ ಲೆಕ್ಕವನ್ನು ಯಾರಾದರೂ ಅವಳಿಗೆ ತಿದ್ದಿ ತೋರಿಸಿದ್ದರೇ?

### ಕ್ಯಾಮೆರಾ ತಂದ ನಿಜ

ಎಸ್ಸೆಸ್ಸೆಲ್ಸಿ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂದದ್ದು 2024ರಲ್ಲಿ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಆ ವರ್ಷ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕ ಸೇರಿಸಿದ ಮೇಲೆ. ಶೇ 35 ಅಂಕ ಪಡೆದವರಿಗೆ ಶೇ 10ರಷ್ಟು ಕೃಪಾಂಕ ಎಂದಿದ್ದ ನಿಯಮವನ್ನು ಶೇ 25 ಪಡೆದವರಿಗೂ ಶೇ 20 ಎಂದು ಸಡಿಲಿಸಿದ್ದರಿಂದ ಅಷ್ಟಾದರೂ ಆಯಿತು. ಇಲ್ಲದಿದ್ದರೆ ಪಾಸಾಗುತ್ತಿದ್ದವರು ಅರ್ಧಕ್ಕಿಂತ ತುಸುವೇ ಹೆಚ್ಚು. ಮರುವರ್ಷ ಆ ಸಡಿಲಿಕೆ ಇರಲಿಲ್ಲ. ಮೊದಲ ಪರೀಕ್ಷೆಯ ಫಲಿತಾಂಶ ಶೇ 66.14.

ನಕಲು ನಿಲ್ಲಲೇಬೇಕಿತ್ತು. ಅದರಲ್ಲಿ ಎರಡು ಮಾತಿಲ್ಲ. ಗೋಡೆ ಹತ್ತಿ ಚೀಟಿ ಎಸೆಯುವ ಅಣ್ಣಂದಿರು ಇಲ್ಲದ ಮಗುವಿಗೆ ನಕಲು ಮಾಡಿದ ಅನ್ಯಾಯ ದೊಡ್ಡದು. ಪ್ರಾಮಾಣಿಕವಾಗಿ ಓದಿ 60 ತೆಗೆದವಳು, ಚೀಟಿ ನೋಡಿ 80 ತೆಗೆದವನ ಹಿಂದೆ ನಿಲ್ಲಬೇಕಿತ್ತು.

ಆದರೆ ಕ್ಯಾಮೆರಾ ಬಂದಾಗ ಬಯಲಾದದ್ದು ಮಕ್ಕಳ ಕಳ್ಳತನಕ್ಕಿಂತ ಹೆಚ್ಚಾಗಿ ನಮ್ಮದು. ಹತ್ತು ವರ್ಷ ಶಾಲೆಯಲ್ಲಿ ಕೂತ ಮಗುವಿಗೆ ಎಷ್ಟು ಬರುತ್ತದೆ ಎಂಬುದನ್ನು ಹತ್ತನೇ ವರ್ಷದ ಕೊನೆಯಲ್ಲಿ ನೋಡಿ ನಾವು ಬೆಚ್ಚಿಬಿದ್ದೆವು. ನಡುವೆ ಬರೆಸಿದ ಹತ್ತಾರು ಕಿರುಪರೀಕ್ಷೆಗಳು ಹಾಗಾದರೆ ಏನು ಹೇಳುತ್ತಿದ್ದವು? ಯಾರು ಕೇಳಿಸಿಕೊಳ್ಳುತ್ತಿದ್ದರು?

> ಅಂಕಿಯಲ್ಲಿ ಎಸ್ಸೆಸ್ಸೆಲ್ಸಿ
>
> 2021: ಕೋವಿಡ್ ಕಾಲ. ಆರು ವಿಷಯ, ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆ, ಒಎಂಆರ್ ಹಾಳೆ. ಫಲಿತಾಂಶ ಶೇ 99.99.
>
> 2023: ಶೇ 83.89.
>
> 2024: ವೆಬ್‌ಕಾಸ್ಟಿಂಗ್ ಆರಂಭ. ಸಡಿಲ ಕೃಪಾಂಕದೊಂದಿಗೆ ಶೇ 73.40. ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಜಾರಿಗೆ.
>
> 2025: ಪರೀಕ್ಷೆ–1ರಲ್ಲಿ ಶೇ 66.14. ಮೊದಲ ಸ್ಥಾನದ ದಕ್ಷಿಣ ಕನ್ನಡ ಶೇ 91.12, ಕೊನೆಯ ಸ್ಥಾನದ ಕಲಬುರಗಿ ಶೇ 42.43.
>
> 2025–26ರಿಂದ: ಪಾಸಾಗಲು 625ಕ್ಕೆ 206 ಅಂಕ, ಪ್ರತಿ ವಿಷಯದಲ್ಲೂ ಕನಿಷ್ಠ ಶೇ 30.

### ದೀಪಾವಳಿ ಆಚೆಯ ಎಫ್‌ಎ

ಶಾಲೆಗಳಲ್ಲಿ ಈಗ ಪರೀಕ್ಷೆ ಎನ್ನುವುದು ಕಡಿಮೆ. ಎಫ್‌ಎ, ಎಸ್‌ಎ ಎನ್ನುತ್ತಾರೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಎಫ್‌ಎ ಇರುವುದು ಕಲಿಕೆಯ ನಡುವೆ ಮಗು ಎಲ್ಲಿ ಎಡವುತ್ತಿದೆ ಎಂದು ನೋಡಿ ಪಾಠವನ್ನು ತಿದ್ದಿಕೊಳ್ಳಲು; ಎಸ್‌ಎ ಇರುವುದು ಕೊನೆಗೆ ಎಷ್ಟು ಬಂತೆಂದು ಅಳೆಯಲು. ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಏರ್ಪಾಡು ಕಷ್ಟ.

ಈ ಐದು ತಾಲ್ಲೂಕುಗಳ ಕ್ಯಾಲೆಂಡರ್ ಬೇರೆ. ತುಂಗಭದ್ರೆಯ ದಂಡೆಗಿರುವ ಕೆಲವು ಊರು ಬಿಟ್ಟರೆ ಉಳಿದದ್ದು ಹೆಚ್ಚಾಗಿ ಮಳೆ ನಂಬಿದ ಹೊಲ. ಸುಗ್ಗಿ ಮುಗಿದು ದೀಪಾವಳಿ ದಾಟಿದರೆ ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ತಾಂಡಾಗಳು, ಕೇರಿಗಳು ಬರಿದಾಗತೊಡಗುತ್ತವೆ. ಮಲೆನಾಡಿನ ಕಾಫಿ ತೋಟ, ಕಬ್ಬಿನ ಗದ್ದೆ, ಬೆಂಗಳೂರಿನ ಕಟ್ಟಡ ಕೆಲಸ. ಹಿರಿಯರಿದ್ದ ಮನೆಯ ಮಕ್ಕಳು ಅಜ್ಜಿಯ ಜೊತೆ ಉಳಿಯುತ್ತವೆ. ಇಲ್ಲದವು ಅಪ್ಪ–ಅಮ್ಮನ ಹಿಂದೆ ಹೋಗುತ್ತವೆ. ‘ಪರೀಕ್ಷೆ ಟೈಮಿಗೆ ಕರ್ಕಂಡ್ ಬರ್ತೀವಿ ಬಿಡ್ರಿ ಸರ’ ಎಂದು ಮೇಷ್ಟ್ರಿಗೆ ಮಾತು ಕೊಟ್ಟೇ ಹೋಗುತ್ತಾರೆ. ಕರೆತರುತ್ತಾರೆ ಕೂಡ.

ಮೂರನೇ, ನಾಲ್ಕನೇ ಎಫ್‌ಎ ನಡೆಯುವುದು ಆ ನಡುವಿನ ತಿಂಗಳುಗಳಲ್ಲೇ.

ಊರಲ್ಲಿಲ್ಲದ ಮಗುವಿನ ಅಂಕದ ಕಲಂನಲ್ಲಿ ಏನು ಬರೆಯಬೇಕು? ಗೈರು ಎಂದು ಬರೆದರೆ ಪೋರ್ಟಲ್‌ನಲ್ಲಿ ಮಗುವಿನ ಸಾಲು ಖಾಲಿ ಉಳಿಯುತ್ತದೆ, ಮೇಲಿನವರು ಕಾರಣ ಕೇಳುತ್ತಾರೆ. ಹಿಂದಿನ ಅಂಕ ನೋಡಿಕೊಂಡು ಒಂದು ಅಂದಾಜು ತುಂಬಿದರೆ ಕೆಲಸ ಮುಗಿಯಿತು. ಕರುಣೆಯಿಂದಲೇ ತುಂಬಿದ ಅಂಕ ಅದು. ಆದರೆ ಅದರಿಂದ ಆಗುವ ಕೇಡು ನೋಡಿ: ಮೂರು ತಿಂಗಳ ಪಾಠ ತಪ್ಪಿದೆ ಎಂಬ ಸತ್ಯವೇ ದಾಖಲೆಯಿಂದ ಅಳಿಸಿಹೋಗುತ್ತದೆ. ಮುಂದಿನ ತರಗತಿಯ ಶಿಕ್ಷಕರ ಕೈಗೆ ಬರುವ ಪಟ್ಟಿಯಲ್ಲಿ ಈ ಮಗು ‘ಬಿ+’. ಅವಳಿಗೆ ಪರಿಹಾರ ಬೋಧನೆ ಬೇಕೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಇದಕ್ಕೆ ದಾರಿ ನಮ್ಮ ರಾಜ್ಯದಲ್ಲೇ ಹುಟ್ಟಿತ್ತು. 1995ರಲ್ಲಿ ಎಚ್.ಡಿ. ಕೋಟೆಯ ಕಾಡಂಚಿನ ಶಾಲೆಗಳಲ್ಲಿ ಶಿಕ್ಷಕರೇ ಕಟ್ಟಿದ ನಲಿಕಲಿಯಲ್ಲಿ ಪ್ರತಿ ಮಗುವಿಗೂ ತನ್ನದೇ ಕಲಿಕಾ ಏಣಿ. ಹದಿನೈದು ದಿನ ತಪ್ಪಿಸಿಕೊಂಡ ಮಗು ಬಂದು ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಮೌಲ್ಯಮಾಪನ ಆ ಏಣಿಯೊಳಗೇ ಇದೆ. ಮೆಟ್ಟಿಲು ದಾಟಿದಾಗ ನಡೆಯುತ್ತದೆ, ತಾರೀಕು ಬಂದಾಗ ಅಲ್ಲ. ಬಳಿಕ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು, ಮೂರನೇ ತರಗತಿಯವರೆಗೆ. ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಏಣಿ ಮಾಯ, ತಾರೀಕು ಹಾಜರ್. ಗುಳೆಯ ಸೀಮೆಗಳಲ್ಲಾದರೂ ಏಳನೇ ತರಗತಿಯವರೆಗೆ ಆ ತತ್ವ ಉಳಿಯಬೇಕಿತ್ತು. ಊರಿಗೆ ಮರಳಿದ ಮಗುವಿಗೆ ಎರಡು ವಾರ ಪಾಠ ಹೇಳಿ, ಆಮೇಲೆ ಎಫ್‌ಎ ಬರೆಸಿದರೆ ಯಾವ ಆಕಾಶವೂ ಬೀಳುವುದಿಲ್ಲ.

### ಪ್ರಶ್ನೆಯ ಭಾಷೆ ಯಾರದು?

ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ. ಶಾಲೆಗೆ ಬಂದ ಮೇಲೆ ಕಲಿತದ್ದು ಊರ ಕನ್ನಡ. ಪ್ರಶ್ನೆಪತ್ರಿಕೆಯಲ್ಲಿರುವುದು ಇವೆರಡೂ ಅಲ್ಲದ ಮೂರನೆಯದು. ‘ಈ ಕೆಳಗಿನವುಗಳಲ್ಲಿ ಗುಂಪಿಗೆ ಸೇರದ ಪದವನ್ನು ಆರಿಸಿ ಬರೆಯಿರಿ’ ಎಂಬ ಸಾಲನ್ನು ಮೇಷ್ಟ್ರು ‘ಇದ್ರಾಗ ಬ್ಯಾರೆ ಯಾವ್ದೈತಿ ನೋಡು’ ಎಂದರೆ ಅವನು ತಟ್ಟನೆ ಬೆರಳಿಡುತ್ತಾನೆ. ಹಾಳೆಯ ಮೇಲೆ ಅದೇ ಪ್ರಶ್ನೆಗೆ ಸೊನ್ನೆ.

ಕನ್ನಡ ಭಾಷೆಯ ಪರೀಕ್ಷೆಯಲ್ಲಿ ಕನ್ನಡ ಅಳೆಯಲಿ. ವಿಜ್ಞಾನದ ಪರೀಕ್ಷೆಯಲ್ಲಿ ಅಳೆಯಬೇಕಾದ್ದು ವಿಜ್ಞಾನವನ್ನು. ನೀರು ಆವಿಯಾಗುವುದು ಗೊತ್ತಿರುವ ಮಗು ‘ಬಾಷ್ಪೀಕರಣವನ್ನು ವ್ಯಾಖ್ಯಾನಿಸಿ’ ಎಂಬಲ್ಲಿ ಎಡವಿದರೆ ಕಳೆದುಕೊಂಡ ಅಂಕ ಯಾವ ವಿಷಯದ್ದು?

ಪ್ರಶ್ನೆ ಎಲ್ಲಿ ತಯಾರಾಗುತ್ತದೆ ಎಂಬುದೂ ಇಲ್ಲಿ ಮುಖ್ಯ. 2025–26ರಲ್ಲಿ ಬಂದ ಪಾಠ ಆಧಾರಿತ ಮೌಲ್ಯಾಂಕನದಲ್ಲಿ, ಶಿಕ್ಷಕರು ಎಲ್‌ಬಿಎ ಎನ್ನುವ ಪದ್ಧತಿಯಲ್ಲಿ, ಪ್ರತಿ ಪಾಠಕ್ಕೂ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಪ್ರಶ್ನೆಕೋಠಿ ಕೊಟ್ಟಿದೆ. ಪಾಠ ಮುಗಿದ ಕೂಡಲೇ ಸಣ್ಣ ಪರೀಕ್ಷೆ ಎಂಬ ವಿಚಾರ ಒಳ್ಳೆಯದೇ. ಬೆಂಗಳೂರಿನಿಂದ ಬಂದ ಪ್ರಶ್ನೆಯನ್ನು ತನ್ನ ಮಕ್ಕಳ ಮಾತಿಗೆ ತಿದ್ದಿಕೊಳ್ಳುವ ಸ್ವಾತಂತ್ರ್ಯ, ಅದಕ್ಕೆ ಬೇಕಾದ ಹೊತ್ತು ಶಿಕ್ಷಕರಿಗೆ ಇರಬೇಕಷ್ಟೆ. ನಾಲ್ಕು ತರಗತಿಗಳನ್ನು ಒಬ್ಬರೇ ನೋಡಿಕೊಳ್ಳುವ ಶಾಲೆಯಲ್ಲಿ ಪಾಠಕ್ಕೊಂದು ಪರೀಕ್ಷೆ, ಪರೀಕ್ಷೆಗೊಂದು ಆನ್‌ಲೈನ್ ದಾಖಲೆ ಎಂದರೆ ಮೊದಲು ಬಲಿಯಾಗುವುದು ಪಾಠವೇ.

### ಹೆಸರು ಕಂಡ ಕೆಂಪು ಶಾಯಿ

ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು 1912ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಇಂಗ್ಲಿಷ್ ಉತ್ತರ ಪತ್ರಿಕೆಯ ಪ್ರತಿಗಳನ್ನು ನೂರಾರು ಶಾಲೆಗಳಿಗೆ ಕಳಿಸಿದರು. ಒಂದೇ ಉತ್ತರಕ್ಕೆ ಒಬ್ಬರು 50 ಕೊಟ್ಟರೆ ಇನ್ನೊಬ್ಬರು 90 ದಾಟಿಸಿದರು. ಸಾಹಿತ್ಯದ ಮಾತು ಬಿಡಿ ಎಂದವರಿಗಾಗಿ ಮರುವರ್ಷ ರೇಖಾಗಣಿತದ ಪತ್ರಿಕೆ ಕಳಿಸಿದರು. ಅಂತರ ಇನ್ನೂ ಹಿಗ್ಗಿತು. ಹೆಜ್ಜೆಗೆ ಅಂಕ ಕೊಡಬೇಕೇ, ಕೊನೆಯ ಉತ್ತರಕ್ಕೇ, ಅಂದಕ್ಕೂ ಕೊಡಬೇಕೇ? ಒಬ್ಬೊಬ್ಬರದು ಒಂದೊಂದು ಲೆಕ್ಕ.

ನಮ್ಮ ದೇಶದ ಪ್ರಯೋಗ ಇನ್ನೂ ಹತ್ತಿರದ್ದು. ಅರ್ಥಶಾಸ್ತ್ರಜ್ಞರಾದ ರೇಮಾ ಹನ್ನಾ ಮತ್ತು ಲೀ ಲಿಂಡನ್ ಮಕ್ಕಳು ಬರೆದ ಉತ್ತರ ಪತ್ರಿಕೆಗಳಿಗೆ ವಯಸ್ಸು, ಲಿಂಗ, ಜಾತಿ ನಮೂದಿಸಿದ ಮುಖಪುಟಗಳನ್ನು ಮನಬಂದಂತೆ ಬದಲಿಸಿ ಅಂಟಿಸಿ ಶಿಕ್ಷಕರಿಗೆ ಕೊಟ್ಟರು. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಕೆಳಜಾತಿ ಎಂದು ನಮೂದಾದ ಪತ್ರಿಕೆಗೆ ಅಂಕ ಸ್ವಲ್ಪ ಕಡಿಮೆ ಬಿತ್ತು. ವ್ಯತ್ಯಾಸ ಸಣ್ಣದು, ಆದರೆ ಇತ್ತು. ಹಾಗೆ ಕಡಿಮೆ ಕೊಟ್ಟವರಲ್ಲಿ ಎದ್ದು ಕಂಡವರು ಮೇಲ್ಜಾತಿಯ ಶಿಕ್ಷಕರಲ್ಲ, ಕೆಳಜಾತಿಯಿಂದ ಬಂದವರೇ. ಮನಸ್ಸಿನೊಳಗೆ ಕೂತ ನಿರೀಕ್ಷೆ ಯಾರನ್ನೂ ಬಿಡುವುದಿಲ್ಲ ಎಂದೇ ನಾನು ಇದನ್ನು ಓದಿಕೊಳ್ಳುತ್ತೇನೆ.

ಮಂಡಳಿಯ ಪರೀಕ್ಷೆಯಲ್ಲಿ ಮೌಲ್ಯಮಾಪಕರಿಗೆ ಮಗು ಯಾರೆಂದು ಗೊತ್ತಾಗುವುದಿಲ್ಲ. ಹಳ್ಳಿಯ ತರಗತಿಯಲ್ಲಿ ಅಕ್ಷರ ನೋಡಿದರೇ ಯಾರೆಂದು ಗೊತ್ತು. ಯಾವ ಓಣಿ, ಯಾರ ಮಗ, ಅಪ್ಪ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿದ್ದಾನೋ ಇಲ್ಲವೋ, ಎಲ್ಲ ಗೊತ್ತು. ದೇವದಾಸಿ ತಾಯಂದಿರ ಮಕ್ಕಳು ಇಂದಿಗೂ ಓದುತ್ತಿರುವ ಸೀಮೆಯಿದು. ‘ಇವನಿಂದ ಆಗಲ್ಲ ಬಿಡು’ ಎಂಬ ಒಂದು ಭಾವ ಕೆಂಪು ಶಾಯಿಯ ಮೊನೆಯಲ್ಲಿ ಇಳಿದರೆ ಸಾಕು, ಅರ್ಧ ಅಂಕದ ಜಾಗದಲ್ಲಿ ಸೊನ್ನೆ ಬೀಳುತ್ತದೆ. ಗೊತ್ತಿರುವುದು ವರವೂ ಹೌದು. ರಾತ್ರಿಯೆಲ್ಲ ಕುಡಿದ ಅಪ್ಪನ ಗಲಾಟೆ ಕೇಳಿ ನಿದ್ದೆಗೆಟ್ಟು ಬಂದ ಮಗುವಿಗೆ ನಾಳೆ ಬರಿ ಎನ್ನಬಲ್ಲವರು ಅದೇ ಮೇಷ್ಟ್ರು ಮಾತ್ರ.

ಎರಡನ್ನೂ ಉಳಿಸಿಕೊಳ್ಳಬಹುದು. ಯಾವಾಗ ಬರೆಸಬೇಕೆಂದು ಮಗುವನ್ನು ಬಲ್ಲವರು ನಿರ್ಧರಿಸಲಿ. ತಿದ್ದುವಾಗ ಹೆಸರು ಮಡಚಿಟ್ಟು ಪಕ್ಕದ ಶಾಲೆಯವರ ಜೊತೆ ಪತ್ರಿಕೆ ಅದಲುಬದಲು ಆಗಲಿ. ಒಂದು ಕ್ಲಸ್ಟರ್‌ನೊಳಗೆ ಒಂದು ಮಧ್ಯಾಹ್ನದ ಕೆಲಸ ಅದು.

### ಒಂದೇ ಅಂಕ, ಎರಡು ತೂಕ

ತಾಲ್ಲೂಕಿನ ಗಡಿಯೂ ಅಂಕದ ಬೆಲೆ ಬದಲಿಸಬಲ್ಲದು ಎಂದು ಹರಪನಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯ ತಾಲ್ಲೂಕಿದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿತು. 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಗೆ ಬಂದಾಗ ಆ ಸೇರ್ಪಡೆಯೇ ಮುಳುವಾಯಿತು. ಮೀಸಲಾತಿ ಸಿಕ್ಕ ಆರು ಜಿಲ್ಲೆಗಳಲ್ಲಿ ಬಳ್ಳಾರಿ ಇತ್ತು, ದಾವಣಗೆರೆ ಇರಲಿಲ್ಲ.

ಆ ವರ್ಷಗಳಲ್ಲಿ ಹಡಗಲಿಯ ಹುಡುಗಿಗೂ ಹರಪನಹಳ್ಳಿಯ ಹುಡುಗಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಬರ, ಒಂದೇ ಬಗೆಯ ಶಾಲೆ. ಅಂಕವೂ ಒಂದೇ ಎಂದಿಟ್ಟುಕೊಳ್ಳಿ. ಮೊದಲಿನವಳಿಗೆ ಪ್ರದೇಶದೊಳಗಿನ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟಿನ ಬಾಗಿಲು ತೆರೆದಿತ್ತು. ಎರಡನೆಯವಳಿಗೆ ಇಲ್ಲ. ವರ್ಷಗಟ್ಟಲೆ ಹೋರಾಟ ನಡೆದು 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿಗೆ ಸೇರುವ ನಿರ್ಧಾರವಾಯಿತು. 2021ರಲ್ಲಿ ಐದೂ ತಾಲ್ಲೂಕು ಹೊಸ ವಿಜಯನಗರ ಜಿಲ್ಲೆಗೆ ಬಂದವು. ನಡುವಿನ ವರ್ಷಗಳಲ್ಲಿ ಪಿಯುಸಿ ಮುಗಿಸಿದವರಿಗೆ ಕಳೆದುಹೋದ ಸೀಟು ಮರಳಲಿಲ್ಲ.

> ಕೊಟ್ಟೂರಿನ ಉತ್ತರ
>
> ಹಿಂದುಳಿದ ಸೀಮೆ ಎಂಬ ಮಾತಿಗೆ ಕೊಟ್ಟೂರಿನ ‘ಇಂದು’ ಪಿಯು ಕಾಲೇಜಿನ ಕಲಾ ವಿಭಾಗ ವರ್ಷಗಳಿಂದ ಉತ್ತರ ಕೊಡುತ್ತಿದೆ. 2019ರಲ್ಲಿ ಪಂಕ್ಚರ್ ಅಂಗಡಿಯವರ ಮಗಳು 600ಕ್ಕೆ 594 ಪಡೆದು ರಾಜ್ಯಕ್ಕೆ ಮೊದಲಿಗಳಾದಳು. 2025ರಲ್ಲಿ ಇದೇ ಕಾಲೇಜಿನ ವಿದ್ಯಾರ್ಥಿನಿ 597 ಪಡೆದಳು. ವಿಜ್ಞಾನ ಓದಿದವರಷ್ಟೇ ಜಾಣರು ಎಂಬ ನಂಬಿಕೆಯನ್ನು ಕದಲಿಸಿದ್ದು ಈ ಊರು. ಬುದ್ಧಿ ಬಳ್ಳಾರಿ ಸೀಮೆಯಲ್ಲಿ ಕಡಿಮೆ ಬೆಳೆಯುವುದಿಲ್ಲ.

### ಕೋರ್ಟಿಗೆ ಹೋದ ಐದನೇ ತರಗತಿ

ಮಧ್ಯದಲ್ಲೇ ಎಚ್ಚರಾಗಬೇಕು ಎಂದು ಸರ್ಕಾರ ಯೋಚಿಸಿದ್ದುಂಟು. 2023ರಲ್ಲಿ ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಮೌಲ್ಯಾಂಕನ ಬಂತು. ಮರುವರ್ಷ ಒಂಬತ್ತು, ಹನ್ನೊಂದನೇ ತರಗತಿಗಳೂ ಸೇರಿದವು. ಖಾಸಗಿ ಶಾಲೆಗಳ ಸಂಘಟನೆಗಳು ಹೈಕೋರ್ಟಿಗೆ ಹೋದವು. 2024ರ ಮಾರ್ಚ್‌ನಲ್ಲಿ ಏಕಸದಸ್ಯ ಪೀಠ ಸುತ್ತೋಲೆ ರದ್ದುಮಾಡಿತು, ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟಿತು, ಪರೀಕ್ಷೆ ಶುರುವಾಯಿತು, ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿ ಅದು ನಡುವೆ ನಿಂತಿತು, ಮತ್ತೆ ಶುರುವಾಯಿತು. ಏಪ್ರಿಲ್ 8ರಂದು ಫಲಿತಾಂಶ ಪ್ರಕಟಿಸದಂತೆ ಸುಪ್ರೀಂ ಕೋರ್ಟ್ ಹೇಳಿತು.

ಹತ್ತು ವರ್ಷದ ಮಗು ಎರಡು ವಿಷಯ ಬರೆದು, ‘ನಾಳೆ ಪರೀಕ್ಷೆ ಐತೋ ಇಲ್ಲೋ’ ಎಂದು ಕೇಳುತ್ತಾ ಕೂತ ದಿನಗಳವು. ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಂಡಳಿ ಪರೀಕ್ಷೆ ಬೇಡ ಎನ್ನುತ್ತದೆ. 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕೇ ಬೇಕು ಎನ್ನುತ್ತದೆ. ಮೊದಲನೆಯದರ ಬಗ್ಗೆ ಇಷ್ಟೆಲ್ಲ ವಾದ ನಡೆಯಿತು. ಎರಡನೆಯದು ನಡೆಯುತ್ತಿದೆಯೇ ಎಂದು ಕೇಳಲು ಯಾರಾದರೂ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ನಾನು ಕೇಳಿಲ್ಲ. ಹತ್ತಬೇಕಿದ್ದದ್ದು ಅದಕ್ಕೆ.

### ಕಪಾಟಿನಲ್ಲಿ ಉಳಿದ ಕಟ್ಟು

ಈಗ ಆ ಎಫ್‌ಎ ಉತ್ತರ ಪತ್ರಿಕೆಗಳ ಮಾತಿಗೆ ಬರೋಣ. ಮಗು ಬರೆಯಿತು, ಮೇಷ್ಟ್ರು ತಿದ್ದಿದರು, ಅಂಕ ಆನ್‌ಲೈನ್ ಏರಿತು. ಹಾಳೆಗಳಿಗೆ ಟ್ವೈನ್ ದಾರ ಕಟ್ಟಿ ಕಪಾಟಿಗೆ ಇಟ್ಟರು, ತಪಾಸಣೆಗೆ ಬಂದವರಿಗೆ ತೋರಿಸಬೇಕಲ್ಲ. ಎಷ್ಟೋ ಶಾಲೆಗಳಲ್ಲಿ ಮಗುವಿನ ಪಾಲಿಗೆ ಆ ಹಾಳೆ ಅಲ್ಲಿಗೆ ಮುಗಿಯಿತು.

ನನಗೆ ಇಡೀ ವಿಷಯದಲ್ಲಿ ಅತಿ ದೊಡ್ಡ ಅನ್ಯಾಯವಾಗಿ ಕಾಣುವುದು ಇದೇ. 25ಕ್ಕೆ 9 ಎಂಬ ಅಂಕ ಮಗುವಿಗೆ ಹೇಳುವುದು ‘ನೀನು ದಡ್ಡಿ’ ಎಂದು ಮಾತ್ರ. ಹಾಳೆ ಕೈಗೆ ಬಂದರೆ ಬೇರೆಯೇ ಮಾತು ಹೇಳುತ್ತದೆ: ಗುಣಾಕಾರ ಸರಿ ಇದೆ, ದಶಕ ಮೇಲೆ ಒಯ್ಯುವಾಗ ತಪ್ಪಿದ್ದೀ. ನಾಲ್ಕು ಲೆಕ್ಕದಲ್ಲೂ ಅದೇ ತಪ್ಪು. ಅರ್ಧ ಗಂಟೆಯ ಕೆಲಸ. ಅದು ಆಗದಿದ್ದರೆ ಅದೇ ತಪ್ಪು ಐದನೇ ತರಗತಿಯಿಂದ ಹತ್ತನೇ ತರಗತಿವರೆಗೆ ನಡೆದು ಬಂದು ಕ್ಯಾಮೆರಾದ ಕೆಳಗೆ ಕೂರುತ್ತದೆ.

ಹತ್ತನೇ ತರಗತಿಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ವಿಷಯಕ್ಕೆ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪ್ರಥಮ ಭಾಷೆಯಾದರೆ 100 ಮತ್ತು 25. ಆಂತರಿಕ ಅಂಕ ಬರುವುದು ಎಫ್‌ಎಗಳಿಂದಲೇ. ತರಗತಿಗೆ ತರಗತಿಯೇ 18, 19, 20 ಪಡೆದರೆ ಆ ಅಂಕಕ್ಕೆ ಅರ್ಥವಿಲ್ಲ. ಶಿಕ್ಷಕರನ್ನು ಬೈದು ಪ್ರಯೋಜನವಿಲ್ಲ. ಶಾಲೆಯ ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೇ. ಪ್ರಾಮಾಣಿಕವಾಗಿ 11 ಕೊಟ್ಟವರ ಮಕ್ಕಳು, ಧಾರಾಳವಾಗಿ 20 ಕೊಟ್ಟವರ ಮಕ್ಕಳಿಗಿಂತ ಹಿಂದೆ ಬೀಳುತ್ತಾರೆ ಎಂದಮೇಲೆ ಪ್ರಾಮಾಣಿಕತೆಗೆ ಯಾವ ಮೇಷ್ಟ್ರು ಮನಸ್ಸು ಮಾಡಿಯಾರು? ಒಂದು ಶಾಲೆಯ ಆಂತರಿಕ ಅಂಕಕ್ಕೂ ಲಿಖಿತ ಅಂಕಕ್ಕೂ ಅಜಗಜಾಂತರವಿದ್ದರೆ ಹೋಗಿ ವಿಚಾರಿಸುವ ಹೊಣೆ ಮಂಡಳಿಯದು. ಎರಡೂ ಅಂಕಗಳು ಅದರ ಕಂಪ್ಯೂಟರಿನಲ್ಲೇ ಇವೆ.

ಪಾಸಿನ ಗೆರೆಯನ್ನು ಶೇ 35ರಿಂದ ಶೇ 33ಕ್ಕೆ ಇಳಿಸಿದ್ದು ಒಂದಷ್ಟು ಮನೆಗಳಿಗೆ ಸಮಾಧಾನ ತಂದಿದೆ. ತರಲಿ. ಎರಡು ಅಂಕದಲ್ಲಿ ಫೇಲಾಗಿ ಮದುವೆಗೋ ಕೂಲಿಗೋ ಹೊರಡಬೇಕಿದ್ದ ಹುಡುಗಿಗೆ ಅದು ದೊಡ್ಡದೇ. ಗೆರೆ ಇಳಿಸಿ ಉಳಿಸಿಕೊಂಡ ಮಗುವಿಗೆ ಪಿಯುಸಿಯಲ್ಲಿ ಯಾರು ಭಿನ್ನರಾಶಿ ಹೇಳಿಕೊಡುತ್ತಾರೆ ಎಂಬುದನ್ನೂ ಅದೇ ಆದೇಶದಲ್ಲಿ ಬರೆಯಬೇಕಿತ್ತು.

> ನಿಮ್ಮ ಹಾಳೆ, ನಿಮ್ಮ ಹಕ್ಕು
>
> ತಿದ್ದಿದ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವರಿಗೆ ಮಾಹಿತಿ ಹಕ್ಕಿನಡಿ ಇದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 9ರಂದು ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿತು. ರಾಜ್ಯದ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಶುಲ್ಕ ಕಟ್ಟಿ ಛಾಯಾಪ್ರತಿ ಪಡೆಯಬಹುದು, ಅದನ್ನು ನೋಡಿ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಅಂಗವಿಕಲ ವಿದ್ಯಾರ್ಥಿಗಳಿಗೆ ಬರಹಗಾರರ ನೆರವು, ಹೆಚ್ಚುವರಿ ಸಮಯದ ಸೌಲಭ್ಯವಿದೆ. ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಶಾಲೆಯ ಮೂಲಕ ಮೊದಲೇ ಅರ್ಜಿ ಹೋಗಬೇಕು.

ಛಾಯಾಪ್ರತಿಗೆ ಅರ್ಜಿ ಹಾಕುವವರಲ್ಲಿ ನನಗೆ ಹೆಚ್ಚಾಗಿ ಕಾಣುವುದು ಒಳ್ಳೆಯ ಅಂಕ ಪಡೆದವರೇ. ಒಂದು ಅಂಕಕ್ಕೂ ಬೆಲೆಯಿದೆ ಎಂದು ಬಲ್ಲ ಮನೆಯವರು. 24 ಪಡೆದು ಫೇಲಾದ ಮಗುವಿನ ಮನೆಯಲ್ಲಿ ಶುಲ್ಕದ ದುಡ್ಡೂ ಇಲ್ಲ, ಕೇಳಬಹುದೆಂಬ ಅರಿವೂ ಇಲ್ಲ. ಆ ಹಾಳೆ ಅತಿ ಹೆಚ್ಚು ಬೇಕಿದ್ದದ್ದು ಅವಳಿಗೆ. ಪರೀಕ್ಷೆ–2ಕ್ಕೆ ಕೂರುವ ಮೊದಲು ತಾನು ಎಲ್ಲಿ ತಪ್ಪಿದೆ ಎಂದು ನೋಡದೆ ಅವಳು ಎರಡನೇ ಸಲ ಹೇಗೆ ಗೆಲ್ಲಬೇಕು? ಫೇಲಾದವರಿಗೆಲ್ಲ ಅವರ ಉತ್ತರ ಪತ್ರಿಕೆಯ ಪ್ರತಿಯನ್ನು ಶುಲ್ಕವಿಲ್ಲದೆ ಶಾಲೆಯ ಲಾಗಿನ್‌ಗೆ ಕಳಿಸಲು ಮಂಡಳಿಗೆ ಬೇಕಾದ್ದು ಒಂದು ತೀರ್ಮಾನ.

ಕೆಳಗಿನ ತರಗತಿಗಳಿಗೆ ಅಷ್ಟೂ ಬೇಡ. ಸರ್ಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮ ನಡೆಯುತ್ತದೆ. ಪಾಲಕರನ್ನು ಕರೆದು ಮಕ್ಕಳ ಪ್ರಗತಿ ತೋರಿಸುವ ದಿನ ಅದು. ಅಂಕದ ಪಟ್ಟಿಗೆ ಹೆಬ್ಬೆಟ್ಟು ಒತ್ತಿಸಿ ಕಳಿಸುವ ಬದಲು ಕಪಾಟಿನ ಕಟ್ಟು ಬಿಚ್ಚಿ ಮಗುವಿನ ಕೈಗೇ ಹಾಳೆ ಕೊಡಬೇಕು, ‘ನೀನು ಏನು ಬರೆದಿದ್ದೀ, ನಿಮ್ಮವ್ವಗ ಓದಿ ಹೇಳು’ ಎನ್ನಬೇಕು. ಓದು ಬಾರದ ತಾಯಿಗೂ ತನ್ನ ಮಗಳು ತಡವರಿಸಿದ್ದು ಎಲ್ಲಿ ಎಂದು ಕಿವಿಗೆ ಗೊತ್ತಾಗುತ್ತದೆ. ಮುಂದಿನ ಸಲ ಹೊಲದಿಂದ ಬಂದವಳು ‘ಅದೊಂದ್ ಲೆಕ್ಕ ಬಂತೇನು?’ ಎಂದು ಕೇಳುತ್ತಾಳೆ. ಎಸ್‌ಡಿಎಂಸಿ ಸದಸ್ಯರು ಮುಂದಿನ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದೇ: ಈ ವರ್ಷ ಯಾವ ಎಫ್‌ಎ ಹಾಳೆ ಯಾವ ತಾರೀಕಿಗೆ ಮಕ್ಕಳ ಕೈಗೆ ಬಂತು?